ಬಡವರ ಲೆಕ್ಕವಿಟ್ಟ ಪೋಪ್ ಗ್ರೆಗೋರಿ

ಪ್ರಾಚೀನ ರೋಮನ್ನರೆಂದೊಡನೆ ನಿಮಗೆ ಸೀಸರ್, ಸೈನ್ಯ, ಕಲ್ಲು ಹಾಸಿದ ಹೆದ್ದಾರಿಗಳು ನೆನಪಾಗಬಹುದು. ಆದರೆ ಅವರು ನುರಿತ ಆಡಳಿತಗಾರರೂ ಆಗಿದ್ದರು. ಕಂದಾಯ, ಧಾನ್ಯದ ದಾಸ್ತಾನು, ಪ್ರಜೆಗಳ ಪಟ್ಟಿ ಎಲ್ಲವನ್ನೂ ಬರೆದಿಡುತ್ತಿದ್ದರು. ಸಾಮ್ರಾಜ್ಯ ಕುಸಿದ ಮೇಲೂ ಆ ವಿದ್ಯೆ ಉಳಿಯಿತು. ಅದನ್ನು ಬಡವರ ಸೇವೆಗೆ ತಿರುಗಿಸಿದವರು ಮಹಾ ಸಂತ ಗ್ರೆಗೋರಿಯವರು.

ಅವರು ಹುಟ್ಟಿದ್ದು ಕ್ರಿ.ಶ. 540ರ ಸುಮಾರಿಗೆ, ರೋಮಿನ ಶ್ರೀಮಂತ ಮನೆತನದಲ್ಲಿ. ತಾಯಿ ಸಿಲ್ವಿಯಾ ಕೂಡ ಸಂತರೆಂದು ಗೌರವ ಪಡೆದವರು. ಪಶ್ಚಿಮದ ಕೊನೆಯ ಚಕ್ರವರ್ತಿ 476ರಲ್ಲೇ ಪದಚ್ಯುತನಾಗಿದ್ದ. ಯುದ್ಧ, ಕ್ಷಾಮಗಳಿಂದ ನಗರ ಹಾಳು ಸುರಿಯುತ್ತಿತ್ತು. ಅಂಥ ರೋಮಿಗೆ 573ರ ಸುಮಾರಿಗೆ ಗ್ರೆಗೋರಿ ನಗರಾಧಿಕಾರಿಯಾದರು. ಆದರೆ ಅವರ ಮನಸ್ಸು ಪ್ರಾರ್ಥನೆಯತ್ತ ಎಳೆಯುತ್ತಿತ್ತು. ಪದವಿ ತೊರೆದು, ಸೀಲಿಯನ್ ಗುಡ್ಡದ ತಮ್ಮ ಮನೆಯನ್ನೇ ಮಠವಾಗಿಸಿ ಸನ್ಯಾಸಿಯಾದರು.

589ರಲ್ಲಿ ಟೈಬರ್ ನದಿ ಉಕ್ಕಿ ಧರ್ಮಸಭೆಯ ಕಣಜಗಳು ನಾಶವಾದವು. ಬೆನ್ನಿಗೇ ಬಂದ ಪ್ಲೇಗಿಗೆ 590ರಲ್ಲಿ ಪೋಪ್ ಎರಡನೆಯ ಪೆಲಾಜಿಯಸರೇ ಬಲಿಯಾದರು. ಜನ ಗ್ರೆಗೋರಿಯವರನ್ನೇ ಆರಿಸಿದರು. ಮಠದ ಶಾಂತಿ ಬಿಟ್ಟು ಬರಲು ಅವರಿಗೆ ಇಷ್ಟವಿರಲಿಲ್ಲ. ಆದರೂ ಅದೇ ವರ್ಷ ಸೆಪ್ಟೆಂಬರ್ 3ರಂದು ಆ ಭಾರವನ್ನು ಹೊತ್ತರು.

ಆಗ ಹಳೆಯ ಅಧಿಕಾರಿಯ ಅನುಭವ ಕೆಲಸಕ್ಕೆ ಬಂತು. ಸಿಸಿಲಿ ದ್ವೀಪದಲ್ಲಿದ್ದ ಧರ್ಮಸಭೆಯ ಜಮೀನುಗಳಿಂದ ರೋಮಿಗೆ ಧಾನ್ಯ ತರಿಸಿದರು. ಅಲ್ಲಿನ ಮೇಲ್ವಿಚಾರಕರು ದೊಡ್ಡ ಕೊಳಗದಲ್ಲಿ ಅಳೆದು ರೈತರಿಂದ ಹೆಚ್ಚು ಧಾನ್ಯ ಕಸಿಯುತ್ತಿದ್ದರು. ಇದು ತಿಳಿದೊಡನೆ ಪತ್ರ ಬರೆದು, ಆ ಕಳ್ಳ ಅಳತೆಯನ್ನು ನಿಲ್ಲಿಸಿದರು. ಹಸಿದವರ ಹೊಟ್ಟೆಗೆ ಹೋಗುವ ಅನ್ನವೂ ಮೋಸದ್ದಾಗಬಾರದು ಎಂಬುದು ಅವರ ನಿಲುವು.

593ರಲ್ಲಿ ಲೊಂಬಾರ್ಡ್ ದೊರೆ ಅಗಿಲುಲ್ಫ್ ರೋಮನ್ನು ಮುತ್ತಿದ. ದೂರದ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯಿಂದ ನೆರವು ಬರಲಿಲ್ಲ. ಗ್ರೆಗೋರಿಯವರೇ ಧರ್ಮಸಭೆಯ ಬೊಕ್ಕಸದಿಂದ ಹಣ ಕೊಟ್ಟು ನಗರವನ್ನು ಉಳಿಸಿದರು. ಸಹಾಯ ಪಡೆಯುವ ಬಡವರ ಹೆಸರು, ವಯಸ್ಸು, ಕಸುಬುಗಳನ್ನು ದೊಡ್ಡ ಪುಸ್ತಕವೊಂದರಲ್ಲಿ ಬರೆಸಿಟ್ಟಿದ್ದರು. ಒಮ್ಮೆ ಭಿಕ್ಷುಕನೊಬ್ಬ ಹಸಿವಿನಿಂದ ಸತ್ತನೆಂದು ಕೇಳಿ, ತಾವೇ ಕೊಂದವರಂತೆ ನೊಂದು, ಕೆಲವು ದಿನ ಬಲಿಪೂಜೆಯನ್ನೇ ಅರ್ಪಿಸಲಿಲ್ಲ ಎಂಬ ಕಥೆ ಬಹುಕಾಲದಿಂದ ಪ್ರಚಲಿತವಾಗಿದೆ.

ಅವರು ಕಳುಹಿಸಿದ ಸನ್ಯಾಸಿಗಳು 597ರಲ್ಲಿ ಇಂಗ್ಲೆಂಡಿನ ಕೆಂಟ್ ತಲುಪಿದರು. ಹೊಟ್ಟೆನೋವು, ಕೀಲುನೋವುಗಳಿಂದ ಹಾಸಿಗೆ ಹಿಡಿದಾಗಲೂ ಪತ್ರ ಬರೆಸುವುದನ್ನು ಅವರು ಬಿಡಲಿಲ್ಲ. 604ರ ಮಾರ್ಚ್ 12ರಂದು ದೈವಾಧೀನರಾದರು. ಅವರ ಎಂಟುನೂರಕ್ಕೂ ಹೆಚ್ಚು ಪತ್ರಗಳು ಇಂದಿಗೂ ಉಳಿದಿವೆ. ದೇವರ ಸೇವಕರ ಸೇವಕ ಎಂದು ಅವರು ತಮ್ಮನ್ನು ಕರೆದುಕೊಂಡ ಬಿರುದನ್ನು ಪೋಪರು ಈಗಲೂ ಬಳಸುತ್ತಾರೆ.

ವಾಚಕರೇ, ನಿಮ್ಮ ಮನೆಯಲ್ಲೂ ಲೆಕ್ಕದ ಪುಸ್ತಕವಿರಬಹುದು. ಹಾಲು, ದಿನಸಿ, ಮಕ್ಕಳ ಫೀಸು ಎಲ್ಲ ಅದರಲ್ಲಿರುತ್ತದೆ. ಹಸಿದವರ ಹೆಸರಿನಲ್ಲಿ ಒಂದು ಸಾಲು ಅದರಲ್ಲಿದೆಯೇ? ಇಂದು ರಾತ್ರಿ ಮನೆಯವರೆಲ್ಲ ಕೂತು ಒಮ್ಮೆ ತೆರೆದು ನೋಡಿ.