ಆಮೋಸ್ ಟ್ವರ್ಸ್ಕಿ: ಸರಿಯಾದ ಪ್ರಶ್ನೆ ಹುಡುಕಿದ ಮನುಷ್ಯ

ಈ ಸೆಮಿಸ್ಟರ್ ನಾವು ನಾಲ್ಕು ಜನ ಬಿಹೇವಿಯರಲ್ ಎಕನಾಮಿಕ್ಸ್ ಎಲೆಕ್ಟಿವ್ ತಗೊಂಡಿದ್ದೀವಿ. ಸೋಷಿಯಲ್ ಮೀಡಿಯಾ ವಿದ್ಯಾರ್ಥಿಗಳ ಖರ್ಚಿನ ಮೇಲೆ ಪರಿಣಾಮ ಬೀರುತ್ತದೆಯೇ ಅನ್ನೋದು ನಮ್ಮ ಪ್ರಾಜೆಕ್ಟಿನ ಪ್ರಶ್ನೆ ಆಗಿತ್ತು. ಮೇಡಂ ಸಿನಾಪ್ಸಿಸ್‌ಗೆ ಸೈನ್ ಹಾಕದೇ ವಾಪಸ್ ಕೊಟ್ಟರು. ಉತ್ತರ ಹೌದು ಅಂತ ನಿಮಗೆ ಆಗಲೇ ಗೊತ್ತಿದ್ದರೆ ಪ್ರಾಜೆಕ್ಟ್ ಯಾಕೆ ಅಂತ ಕೇಳಿ, ಟ್ವರ್ಸ್ಕಿ ಬಗ್ಗೆ ಓದಿಕೊಂಡು ಬನ್ನಿ ಅಂದರು. ಬೈಕೊಂಡೇ ಓದೋಕೆ ಕೂತೆ. ಈಗ ನಿಮಗೂ ಹೇಳಬೇಕು ಅನ್ನಿಸ್ತಿದೆ.

ಆಮೋಸ್ ಟ್ವರ್ಸ್ಕಿ ಹುಟ್ಟಿದ್ದು 1937ರಲ್ಲಿ, ಹೈಫಾ ಊರಿನಲ್ಲಿ. ತಂದೆ ಪಶುವೈದ್ಯರು, ತಾಯಿ ಇಸ್ರೇಲ್ ಸಂಸತ್ತಿನ ಸದಸ್ಯೆ. 1956ರಲ್ಲಿ, ಹೆಚ್ಚುಕಡಿಮೆ ನನ್ನ ವಯಸ್ಸಿನಲ್ಲಿ, ಅವರು ಸೈನ್ಯದ ಪ್ಯಾರಾಟ್ರೂಪರ್. ಒಂದು ತರಬೇತಿಯಲ್ಲಿ ಮುಳ್ಳುತಂತಿ ಬೇಲಿ ಒಡೆಯೋಕೆ ಸ್ಫೋಟಕ ಇಟ್ಟ ಹುಡುಗ ಭಯಕ್ಕೆ ಅಲ್ಲೇ ಬಿದ್ದುಬಿಟ್ಟ. ಯಾರೂ ಕದಲಬೇಡಿ ಅಂತ ಮೇಲಧಿಕಾರಿಯ ಆದೇಶ ಇದ್ದರೂ ಟ್ವರ್ಸ್ಕಿ ಓಡಿಹೋಗಿ ಆ ಹುಡುಗನನ್ನು ಎಳೆದು ಕಾಪಾಡಿದರು, ತಾವು ಗಾಯ ಮಾಡಿಕೊಂಡರು. ಅದಕ್ಕೆ ಶೌರ್ಯ ಪದಕ ಸಿಕ್ಕಿತು. ಆ ಸ್ಫೋಟಕದ ಹೆಸರು ಬ್ಯಾಂಗಲೋರ್ ಟಾರ್ಪೆಡೋ! 1912ರಲ್ಲಿ ನಮ್ಮ ಬೆಂಗಳೂರಿನಲ್ಲಿ, ಮದ್ರಾಸ್ ಸ್ಯಾಪರ್ಸ್ ಪಡೆಯ ಒಬ್ಬ ಬ್ರಿಟಿಷ್ ಕ್ಯಾಪ್ಟನ್ ಮಾಡಿದ್ದು ಅದು.

ಆಮೇಲೆ ಅವರು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ಮಿಷಿಗನ್‌ನಲ್ಲಿ 1965ಕ್ಕೆ ಪಿಎಚ್‌ಡಿ ಮುಗಿಸಿ ವಾಪಸ್ ಬಂದರು. ಗಣಿತದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. 1960ರ ದಶಕದ ಕೊನೆಗೆ ಡೇನಿಯಲ್ ಕಾನೆಮನ್ ಅನ್ನೋ ಸಹೋದ್ಯೋಗಿ ತಮ್ಮ ಸೆಮಿನಾರಿಗೆ ಅವರನ್ನು ಕರೆದರು. ಜನ ಸಂಭವನೀಯತೆಯನ್ನು ಸುಮಾರಾಗಿ ಸರಿಯಾಗೇ ಅಂದಾಜು ಮಾಡ್ತಾರೆ ಅನ್ನೋ ಆಗಿನ ಸಂಶೋಧನೆಯನ್ನು ಟ್ವರ್ಸ್ಕಿ ವಿವರಿಸಿದರು. ಕಾನೆಮನ್ ಒಪ್ಪಲಿಲ್ಲ. ತಾನು ದಿನಾ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿದರೂ ತನ್ನ ಅಂದಾಜು ತಪ್ಪುತ್ತೆ ಅನ್ನೋದು ಅವರ ಅನುಭವ. ನಾವಾಗಿದ್ರೆ ಜಗಳ ಮಾಡ್ಕೊಂಡು ಎದ್ದು ಹೋಗ್ತಿದ್ವಿ. ಇವರು ಆ ಜಗಳವನ್ನೇ ಪ್ರಶ್ನೆ ಮಾಡಿಕೊಂಡರು: ಸ್ಟ್ಯಾಟಿಸ್ಟಿಕ್ಸ್ ಓದಿದವರ ಅಂದಾಜಾದರೂ ಸರಿ ಇರುತ್ತಾ?

ಚಿಕ್ಕ ಚಿಕ್ಕ ಲೆಕ್ಕಗಳನ್ನು ಬರೆದು ಆ ವಿಷಯದಲ್ಲಿ ಪಳಗಿದವರಿಗೇ ಕೊಟ್ಟರು. ಅವರೂ ತಪ್ಪಿದರು. ಬೆರಳೆಣಿಕೆಯ ಸ್ಯಾಂಪಲ್ ನೋಡಿ ಇಡೀ ಜನಸಂಖ್ಯೆಯೇ ಹೀಗೆ ಅಂತ ನಂಬ್ತಿದ್ದರು. ಹಾಸ್ಟೆಲಿನ ಇಪ್ಪತ್ತು ಜನಕ್ಕೆ ಗೂಗಲ್ ಫಾರ್ಮ್ ಕಳಿಸಿ ಪ್ರಾಜೆಕ್ಟ್ ಮುಗಿಸೋಣ ಅಂದುಕೊಂಡಿದ್ದ ನಮಗೆ ಇದು ಸರಿಯಾಗಿ ತಾಗಿತು. ಆ ಲೇಖನ 1971ರಲ್ಲಿ ಬಂತು. ಯಾರ ಹೆಸರು ಮೊದಲು ಅನ್ನೋದಕ್ಕೆ ಇಬ್ಬರೂ ಟಾಸ್ ಹಾಕಿದ್ದರಂತೆ, ಟ್ವರ್ಸ್ಕಿ ಗೆದ್ದರು.

ಅವರು ಕೆಲಸ ಮಾಡ್ತಿದ್ದ ರೀತಿ ನೋಡಿ. ದಿನಕ್ಕೆ ಗಂಟೆಗಟ್ಟಲೆ ಇಬ್ಬರೇ ಕೂತು ಮಾತು, ನಗು. ಮೊದಲು ಪ್ರಶ್ನೆಯನ್ನು ತಮ್ಮ ಮೇಲೇ ಪ್ರಯೋಗ ಮಾಡೋದು. ಲೆಕ್ಕ ಗೊತ್ತಿದ್ದೂ ತಮಗೇ ತಪ್ಪು ಉತ್ತರ ಕೊಡಬೇಕು ಅನ್ನಿಸಿದರೆ, ಅಲ್ಲಿ ಏನೋ ಇದೆ ಅಂತ ಅರ್ಥ. 1974ರ ಪ್ರಸಿದ್ಧ ಲೇಖನಕ್ಕೆ ಒಂದು ವರ್ಷ ಹಿಡಿಯಿತು. ದಿನವಿಡೀ ಕೂತು ಒಂದೆರಡು ವಾಕ್ಯ ಮುಂದೆ ಹೋದರೆ ಅದೇ ಒಳ್ಳೆಯ ದಿನ.

1979ರ ಪ್ರಾಸ್ಪೆಕ್ಟ್ ಥಿಯರಿ ಲೇಖನದ ಒಂದು ಪ್ರಶ್ನೆ ಹೀಗಿದೆ. ಖಚಿತವಾಗಿ 3000 ಬೇಕಾ, ಅಥವಾ 4000 ಸಿಗೋ ಶೇ. 80ರಷ್ಟು ಅವಕಾಶ ಬೇಕಾ? ಶೇ. 80 ಜನ ಖಚಿತ ಹಣವನ್ನೇ ಆರಿಸಿದರು. ಆಮೇಲೆ ಪ್ಲಸ್ ಇದ್ದಲ್ಲಿ ಮೈನಸ್ ಹಾಕಿದರು: ಖಚಿತವಾಗಿ 3000 ಕಳ್ಕೋತೀರಾ, ಅಥವಾ 4000 ಕಳೆದುಕೊಳ್ಳೋ ಶೇ. 80ರಷ್ಟು ಅಪಾಯಕ್ಕೆ ಒಡ್ಡಿಕೊಳ್ತೀರಾ? ಈಗ ಶೇ. 92 ಜನ ಜೂಜಿಗೇ ಕೈ ಹಾಕಿದರು. ಬದಲಾಗಿದ್ದು ಒಂದೇ ಒಂದು ಚಿಹ್ನೆ. ಅಷ್ಟಕ್ಕೇ ಅರ್ಥಶಾಸ್ತ್ರದವರು ಎದ್ದು ಕೂತರು. ಬೇರೆ ಎಲ್ಲಾ ಹಾಗೇ ಇಟ್ಟು ಒಂದನ್ನೇ ಬದಲಾಯಿಸೋದು, ಲ್ಯಾಬಿನಲ್ಲಿ ನಾವು ಮಾಡೋದೂ ಇದನ್ನೇ ತಾನೆ?

1978ರಿಂದ ಟ್ವರ್ಸ್ಕಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಸತತವಾಗಿ ಬುಟ್ಟಿಗೆ ಹಾಕಿದವನ ಕೈ ಬಿಸಿಯಾಗಿರುತ್ತೆ, ಮುಂದಿನದೂ ಬೀಳುತ್ತೆ ಅಂತ ಆಟಗಾರರೂ ಅಭಿಮಾನಿಗಳೂ ನಂಬ್ತಾರೆ. 1985ರಲ್ಲಿ ಅವರು ಗಿಲೊವಿಚ್, ವಲೋನ್ ಜೊತೆ ಸೇರಿ ಫಿಲಡೆಲ್ಫಿಯಾ ತಂಡದ ದಾಖಲೆ ಲೆಕ್ಕ ಹಾಕಿ, ಹಾಗೇನೂ ಕಾಣಲ್ಲ ಅಂದರು. ಆದರೆ 2018ರಲ್ಲಿ ಮಿಲ್ಲರ್ ಮತ್ತು ಸಂಹುರ್ಹೊ ಅನ್ನೋ ಇಬ್ಬರು ಆ ಲೆಕ್ಕದ ವಿಧಾನದಲ್ಲೇ ಒಂದು ಸೂಕ್ಷ್ಮ ದೋಷ ತೋರಿಸಿದರು. ನನಗೆ ಇದೇ ತುಂಬಾ ಇಷ್ಟವಾದ ಭಾಗ. ಪ್ರಶ್ನೆ ಅಷ್ಟು ಸ್ಪಷ್ಟವಾಗಿದ್ದರಿಂದಲೇ ಮೂವತ್ತು ವರ್ಷ ಆದಮೇಲೂ ಅದನ್ನು ತಪ್ಪು ಅನ್ನೋಕೆ ಸಾಧ್ಯವಾಯಿತು. ನಮ್ಮ ಸೋಷಿಯಲ್ ಮೀಡಿಯಾ ಪ್ರಶ್ನೆಯನ್ನು ಯಾರೂ ಯಾವತ್ತೂ ತಪ್ಪು ಅನ್ನೋಕೆ ಆಗ್ತಿರಲಿಲ್ಲ.

1996ರ ಜೂನ್ 2ರಂದು ಟ್ವರ್ಸ್ಕಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ 59 ವರ್ಷ. 2002ರಲ್ಲಿ ಕಾನೆಮನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ತೀರಿಕೊಂಡವರಿಗೆ ಆ ಪ್ರಶಸ್ತಿ ಕೊಡಲ್ಲ. ಅದು ತಮ್ಮಿಬ್ಬರ ಜಂಟಿ ಕೆಲಸಕ್ಕೆ ಸಿಕ್ಕಿದ್ದು ಅಂತ ಕಾನೆಮನ್ ಕೊನೆತನಕ ಹೇಳುತ್ತಿದ್ದರು.

ನಾವು ಹಳೆ ಸಿನಾಪ್ಸಿಸ್ ಹರಿದು ಹಾಕಿದೆವು. ಕ್ಯಾಂಟೀನಿನಲ್ಲಿ ಎರಡು ಸಂಜೆ ಕೂತು ಕಿತ್ತಾಡಿದ ಮೇಲೆ ಹುಟ್ಟಿದ ಹೊಸ ಪ್ರಶ್ನೆ ಇದು. 40 ಕ್ಲಾಸಿನಲ್ಲಿ 34ಕ್ಕೆ ಬರಲೇಬೇಕು ಅಂತ ಅರ್ಧ ಜನಕ್ಕೆ ಚೀಟಿ ಕೊಡೋದು, 6 ಕ್ಲಾಸ್ ತಪ್ಪಿಸಬಹುದು ಅಂತ ಇನ್ನರ್ಧಕ್ಕೆ. ಯಾರಿಗೆ ಯಾವ ಚೀಟಿ ಅನ್ನೋದಕ್ಕೆ ಟಾಸ್. ಈ ತಿಂಗಳು ಎಷ್ಟು ಬಂಕ್ ಮಾಡ್ತೀರಿ ಅಂತ ಇಬ್ಬರನ್ನೂ ಕೇಳಿದರೆ ಉತ್ತರ ಬೇರೆ ಬೇರೆ ಬರುತ್ತಾ? ಬರುತ್ತೆ ಅಂತ ಇಬ್ಬರು, ಇಲ್ಲ ಅಂತ ಇಬ್ಬರು. ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ. ಮೇಡಂ ಸೈನ್ ಹಾಕಿದ್ದಾರೆ. ಚೀಟಿ ನಿಮ್ಮ ಕೈಗೆ ಬಂದರೆ ದಯವಿಟ್ಟು ನಿಜ ಹೇಳಿ.