ಶಬ್ದಗಳಿಗಾಗಿ ಮರಳಿ ಬಂದ ಕಿಟ್ಟೆಲ್

ಫರ್ಡಿನಾಂಡ್ ಕಿಟ್ಟೆಲ್ ಅವರು 1832ರಲ್ಲಿ ಜರ್ಮನಿಯಲ್ಲಿ ಜನಿಸಿದರು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1853ರಲ್ಲಿ ನಮ್ಮ ನಾಡಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು ಕನ್ನಡ ಕಲಿತರು. ಕಲಿತರು ಅಂದರೆ ಬರೀ ಮಾತಾಡುವಷ್ಟಲ್ಲ, ಕೇಶಿರಾಜನ ಶಬ್ದಮಣಿದರ್ಪಣವನ್ನೇ 1872ರಲ್ಲಿ ಅಚ್ಚು ಹಾಕಿಸಿದರು! ನಮಗಂತೂ ಹಳಗನ್ನಡ ಅಂದರೆ ಬೆವರು ಬರುತ್ತೆ.

ಆಮೇಲೆ ಕನ್ನಡ-ಇಂಗ್ಲಿಷ್ ನಿಘಂಟಿನ ಕೆಲಸ ಹಿಡಿದರು. ಅದು ಮುಗಿಯುವ ಮೊದಲೇ 1877ರಲ್ಲಿ ಜರ್ಮನಿಗೆ ಹೋದರು. ಅಲ್ಲಿ ಹೆಂಡತಿ ಮಕ್ಕಳು ಎಲ್ಲಾ ಇದ್ದರು, ಸುಖವಾಗಿ ಇರಬಹುದಿತ್ತು. ಆದರೆ ಗೆಳೆಯರೇ, ಒಂದು ಶಬ್ದಕ್ಕೆ ಹಳ್ಳಿಯವರು ಏನಂತಾರೆ, ಪಂಡಿತರು ಏನಂತಾರೆ ಅಂತ ಜರ್ಮನಿಯಲ್ಲಿ ಯಾರನ್ನು ಕೇಳೋದು? ಅದಕ್ಕೇ 1883ರಲ್ಲಿ ಮನೆಯವರನ್ನು ಅಲ್ಲೇ ಬಿಟ್ಟು ಒಬ್ಬರೇ ಹಡಗು ಹತ್ತಿದರು. ಆಗ ವಯಸ್ಸು 50 ದಾಟಿತ್ತು. ಹಳೆಯ ನಾಡಿಗೆ ಬಂದದ್ದು ನಾಲ್ಕು ದಿನದ ನೆಂಟರ ಹಾಗಲ್ಲ. ಪಂಡಿತರ ಜೊತೆ ಕೂತು, ಕೇಳಿ, ಬರೆದು ಸುಮಾರು 9 ವರ್ಷ ಇಲ್ಲೇ ಇದ್ದರು. ಮನೆಯವರಿಗೆ ಎಷ್ಟು ಕಷ್ಟವಾಗಿರಬೇಕು ನೋಡಿ.

1892ರಲ್ಲಿ ಹಿಂತಿರುಗಿದರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಗಿ ಹೊರಬಂತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಕಿಟ್ಟೆಲ್ ಅವರು 1903ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಅವರು ಬರೆದ ಕನ್ನಡ ವ್ಯಾಕರಣ ಪ್ರಕಟವಾದದ್ದೂ ಅದೇ ವರ್ಷ.