ಜನರಲ್ ಕೆ. ಎಸ್. ತಿಮ್ಮಯ್ಯ ಮತ್ತು ಎರಡನೆಯ ಮಹಾಯುದ್ಧ

ಭಾರತೀಯ ಭೂಸೇನೆಗೆ ಇಬ್ಬರು ಮಹಾದಂಡನಾಯಕರನ್ನು ನೀಡಿದ ಕೀರ್ತಿ ಪುಟ್ಟ ನಾಡಾದ ಕೊಡಗಿಗೆ ಸಲ್ಲುತ್ತದೆ. ಮೊದಲನೆಯವರು ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ, ಎರಡನೆಯವರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಇಬ್ಬರೂ ಕೊಡಂದೇರ ಮನೆತನದವರೇ ಎಂಬುದು ವಿಶೇಷ. ಜೋಜಿಲಾ ಕಣಿವೆಯ ವಿಜಯ, ಕೊರಿಯಾದ ಶಾಂತಿಕಾರ್ಯ ಹಾಗೂ ಸೈಪ್ರಸ್ಸಿನ ಸೇವೆಗಳಿಂದ ತಿಮ್ಮಯ್ಯನವರ ಹೆಸರು ಮನೆಮಾತಾಗಿದೆ. ಆದರೆ ಅವರನ್ನು ಸೇನಾನಿಯಾಗಿ ರೂಪಿಸಿದ್ದು 1939ರಿಂದ 1945ರವರೆಗೆ ನಡೆದ ಎರಡನೆಯ ಮಹಾಯುದ್ಧ. ಆ ಯುದ್ಧದಲ್ಲಿ ಅವರ ಪಾತ್ರದ ಬಗೆಗೆ ಜನಸಾಮಾನ್ಯರಿಗೆ ತಿಳಿದಿರುವುದು ಕಡಿಮೆ.

ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಿನಲ್ಲಿ ಮಡಿಕೇರಿಯಲ್ಲಿ ಕಾಫಿ ಬೆಳೆಗಾರರ ಕುಟುಂಬದಲ್ಲಿ ಜನಿಸಿದರು. ಕೂನೂರಿನ ಸೇಂಟ್ ಜೋಸೆಫ್ಸ್ ಮತ್ತು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗಳಲ್ಲಿ ವಿದ್ಯಾಭ್ಯಾಸ ಮಾಡಿ, 1922ರಲ್ಲಿ ಡೆಹ್ರಾಡೂನಿನಲ್ಲಿ ಆರಂಭಗೊಂಡ ಸೈನಿಕ ಕಾಲೇಜಿನ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರಾದರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಅಕಾಡೆಮಿಗೆ ಆಯ್ಕೆಯಾಗಿ 1926ರಲ್ಲಿ ಸೇನಾಧಿಕಾರಿಯಾಗಿ ನೇಮಕಗೊಂಡರು. 1918ರಲ್ಲಿ ಸ್ಯಾಂಡ್‌ಹರ್ಸ್ಟಿನ ದ್ವಾರ ಭಾರತೀಯರಿಗೆ ತೆರೆದಾಗ ವರ್ಷಕ್ಕೆ ಹತ್ತು ಸ್ಥಾನಗಳನ್ನು ಮಾತ್ರ ಮೀಸಲಿಡಲಾಗಿತ್ತು ಎಂಬುದನ್ನು ನೆನೆದರೆ ಈ ಆಯ್ಕೆಯ ಮಹತ್ವ ಅರಿವಾಗುತ್ತದೆ.

ಆದರೆ ಅಧಿಕಾರಿಯ ಹುದ್ದೆ ದೊರೆತ ಮಾತ್ರಕ್ಕೆ ಸಮಾನತೆ ದೊರೆಯಲಿಲ್ಲ. ಬ್ರಿಟಿಷ್ ಸರ್ಕಾರವು 1923ರಲ್ಲಿ ಎಂಟು ಪಡೆಗಳನ್ನು ಮಾತ್ರ ಆರಿಸಿ, ಭಾರತೀಯ ಅಧಿಕಾರಿಗಳನ್ನು ಆ ಎಂಟರಲ್ಲಿಯೇ ನೇಮಿಸುವ ಯೋಜನೆಯನ್ನು ಜಾರಿಗೆ ತಂದಿತ್ತು. ಭಾರತೀಯರ ಕೈಕೆಳಗೆ ಬ್ರಿಟಿಷ್ ಅಧಿಕಾರಿಗಳು ದುಡಿಯಬೇಕಾದ ಸಂದರ್ಭ ಬಾರದಂತೆ ನೋಡಿಕೊಳ್ಳುವುದೂ ಈ ಯೋಜನೆಯ ಒಳ ಉದ್ದೇಶಗಳಲ್ಲಿ ಒಂದಾಗಿತ್ತು. ತಿಮ್ಮಯ್ಯನವರು ಬೆಂಗಳೂರಿನಲ್ಲಿ ಬ್ರಿಟಿಷ್ ಪಡೆಯೊಂದರಲ್ಲಿ ಕೆಲಕಾಲ ಇದ್ದು, ಬಳಿಕ ಈ ಎಂಟು ಪಡೆಗಳಲ್ಲಿ ಒಂದಾದ 19ನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ನಿಗೆ ಸೇರಿದರು. ಹೆಸರಿನಲ್ಲಿ ಹೈದರಾಬಾದ್ ಎಂದಿದ್ದರೂ ಈ ರೆಜಿಮೆಂಟಿನಲ್ಲಿ ಇದ್ದವರು ಬಹುಪಾಲು ಕುಮಾವೂಂ, ಜಾಟ್ ಮತ್ತು ಅಹೀರ್ ಸೈನಿಕರು. 1945ರಲ್ಲಿ ಇದಕ್ಕೆ ಕುಮಾವೂಂ ರೆಜಿಮೆಂಟ್ ಎಂದು ಮರುನಾಮಕರಣವಾಯಿತು. ಬಾಗ್ದಾದ್ ಹಾಗೂ ವಾಯವ್ಯ ಗಡಿ ಪ್ರದೇಶಗಳಲ್ಲಿ ಅವರು ಸೇವೆ ಸಲ್ಲಿಸಿದರು. 1935ರ ಜನವರಿಯಲ್ಲಿ ನೀನಾ ಅವರನ್ನು ವಿವಾಹವಾದರು. ಅದೇ ವರ್ಷ ಮೇ 31ರಂದು ಕ್ವೆಟ್ಟಾ ನಗರವನ್ನು ನೆಲಸಮಗೊಳಿಸಿದ ಭೂಕಂಪದಲ್ಲಿ ದಂಪತಿಗಳಿಬ್ಬರೂ ಪರಿಹಾರ ಕಾರ್ಯದಲ್ಲಿ ತೊಡಗಿದರು. ನೀನಾ ಅವರ ಸೇವೆಗೆ ಕೈಸರ್-ಇ-ಹಿಂದ್ ಪದಕ ಲಭಿಸಿತು.

ಸ್ವಾತಂತ್ರ್ಯ ಚಳವಳಿ ದೇಶವನ್ನೆಲ್ಲ ವ್ಯಾಪಿಸಿದ್ದ ಆ ದಿನಗಳಲ್ಲಿ ಪರಕೀಯ ಸರ್ಕಾರದ ಸಮವಸ್ತ್ರ ತೊಟ್ಟ ಯುವಕರ ಮನಸ್ಸಿನಲ್ಲಿ ತುಮುಲವಿಲ್ಲದಿರಲಿಲ್ಲ. ಸೇನೆಯನ್ನು ತೊರೆಯಬೇಕೇ ಎಂಬ ಪ್ರಶ್ನೆ ತಿಮ್ಮಯ್ಯನವರನ್ನೂ ಕಾಡಿತ್ತು. ಅಲಹಾಬಾದಿನಲ್ಲಿದ್ದಾಗ ಮೋತಿಲಾಲ್ ನೆಹರೂ ಅವರನ್ನು ಕಂಡು ಮಾತನಾಡಿದಾಗ, ಸ್ವತಂತ್ರ ಭಾರತಕ್ಕೆ ನುರಿತ ಸೇನಾಧಿಕಾರಿಗಳು ಬೇಕಾಗುವರೆಂದೂ ಆದಕಾರಣ ಸೇನೆಯಲ್ಲಿಯೇ ಇದ್ದು ವಿದ್ಯೆಯನ್ನು ಕಲಿಯುವುದು ಒಳಿತೆಂದೂ ಅವರು ಸಲಹೆಯಿತ್ತರೆಂದು ತಿಮ್ಮಯ್ಯನವರ ಜೀವನಚರಿತ್ರೆಯಿಂದ ತಿಳಿದುಬರುತ್ತದೆ.

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅಂದೇ ವೈಸರಾಯ್ ಲಿನ್‌ಲಿತ್‌ಗೋ ಅವರು ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದರು. ಕೇಂದ್ರ ಶಾಸನಸಭೆಯನ್ನಾಗಲಿ ರಾಷ್ಟ್ರೀಯ ನಾಯಕರನ್ನಾಗಲಿ ಅವರು ಕೇಳಲಿಲ್ಲ. ಇದನ್ನು ಪ್ರತಿಭಟಿಸಿ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ನೀಡಿದವು. ತಮ್ಮ ದೇಶದ ಒಪ್ಪಿಗೆಯಿಲ್ಲದೆ ಆರಂಭವಾದ ಯುದ್ಧದಲ್ಲಿ ದೇಶದ ಸೈನಿಕರು ಹೋರಾಡಬೇಕಾಯಿತು. ಆಗ ಸೇನೆಯಲ್ಲಿದ್ದ ಭಾರತೀಯ ಅಧಿಕಾರಿಗಳ ಸಂಖ್ಯೆ ಸುಮಾರು 400 ಮಾತ್ರ. ಯುದ್ಧ ಮುಗಿಯುವ ವೇಳೆಗೆ ಅದು 8,000ವನ್ನು ಮೀರಿತ್ತು. ಸುಮಾರು 25 ಲಕ್ಷ ಭಾರತೀಯರು ಸೇನೆಯಲ್ಲಿದ್ದರು. ಇಷ್ಟು ದೊಡ್ಡ ಸೇನೆಗೆ ಬ್ರಿಟನ್ನಿನಿಂದ ಅಧಿಕಾರಿಗಳನ್ನು ಒದಗಿಸುವುದು ಅಸಾಧ್ಯವಾದ್ದರಿಂದ, ಇಪ್ಪತ್ತು ವರ್ಷಗಳ ಮನವಿಗಳಿಂದ ಆಗದ ಕಾರ್ಯವು ಯುದ್ಧದ ಒತ್ತಡದಿಂದ ಆರೇ ವರ್ಷಗಳಲ್ಲಿ ಆಯಿತು.

ತಿಮ್ಮಯ್ಯನವರ ಬೆಟಾಲಿಯನ್ನನ್ನು ಸಿಂಗಪುರದ ರಕ್ಷಣೆಗೆ ಕಳುಹಿಸಲಾಗಿತ್ತು. ಅಲ್ಲಿ 1940ರಲ್ಲಿ, ರಾಷ್ಟ್ರೀಯವಾದಿ ಭಾವನೆಗಳನ್ನು ಹೊಂದಿದ್ದ ಭಾರತೀಯ ಅಧಿಕಾರಿಯೊಬ್ಬರನ್ನು ಸ್ವದೇಶಕ್ಕೆ ಹಿಂದಿರುಗಿಸುವ ಆದೇಶದಿಂದ ಸೈನಿಕರಲ್ಲಿ ಅಸಮಾಧಾನ ಭುಗಿಲೆದ್ದು, ಕೆಲವರು ಆಜ್ಞೆ ಪಾಲಿಸಲು ನಿರಾಕರಿಸಿದರು. ಅವರನ್ನು ಸಮಾಧಾನಪಡಿಸುವ ಹೊಣೆ ತಿಮ್ಮಯ್ಯನವರಂತಹ ಭಾರತೀಯ ಅಧಿಕಾರಿಗಳ ಮೇಲೆ ಬಿತ್ತು. ಸೈನಿಕರ ನೋವು ಅವರಿಗೆ ಅರ್ಥವಾಗುತ್ತಿತ್ತು. ಶಿಸ್ತನ್ನು ಕಾಪಾಡುವ ಕರ್ತವ್ಯವೂ ಅವರದೇ ಆಗಿತ್ತು. ಜಪಾನಿನ ದಾಳಿಗೆ ಮುನ್ನವೇ ಅವರಿಗೆ ಭಾರತಕ್ಕೆ ವರ್ಗವಾಯಿತು. ಈ ವರ್ಗಾವಣೆಯೇ ಅವರ ಮುಂದಿನ ಬದುಕನ್ನು ನಿರ್ಧರಿಸಿತೆನ್ನಬಹುದು. 1941ರ ಡಿಸೆಂಬರಿನಲ್ಲಿ ಜಪಾನೀಯರು ಮಲಯಾಕ್ಕೆ ನುಗ್ಗಿದರು. 1942ರ ಜನವರಿ 7ರಂದು ಸ್ಲಿಮ್ ನದಿಯ ಬಳಿ ಜಪಾನೀ ಟ್ಯಾಂಕುಗಳು ಹೆದ್ದಾರಿಯಲ್ಲಿಯೇ ಮುನ್ನುಗ್ಗಿ ಬಂದಾಗ ಅವರ ಹಳೆಯ ಬೆಟಾಲಿಯನ್ ಛಿದ್ರವಾಯಿತು. ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು.

ಸೆರೆಯಾದ ಸಾವಿರಾರು ಭಾರತೀಯ ಸೈನಿಕರ ಮುಂದೆ ಕಠಿಣವಾದ ಆಯ್ಕೆಯೊಂದು ಎದುರಾಯಿತು: ಯುದ್ಧಕೈದಿಗಳಾಗಿ ಉಳಿಯುವುದು, ಇಲ್ಲವೇ ಬ್ರಿಟಿಷರ ವಿರುದ್ಧ ಹೋರಾಡಲು ರಚಿತವಾದ ಆಜಾದ್ ಹಿಂದ್ ಫೌಜನ್ನು ಸೇರುವುದು. ಈ ಫೌಜಿನ ನೇತೃತ್ವವನ್ನು 1943ರಲ್ಲಿ ನೇತಾಜಿ ಸುಭಾಷ್ ಚಂದ್ರ ಬೋಸ್ ಅವರು ವಹಿಸಿಕೊಂಡರು. ಫೌಜನ್ನು ಸೇರಿದವರಲ್ಲಿ ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಅವರೂ ಒಬ್ಬರು. ಹೀಗೆ ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ಯುದ್ಧದ ಎರಡು ಪಕ್ಷಗಳಲ್ಲಿ ನಿಂತರು. ಸ್ವತಂತ್ರ ಭಾರತದ ಕನಸು ಇಬ್ಬರಿಗೂ ಇತ್ತು. ಅದನ್ನು ತಲುಪುವ ದಾರಿ ಬೇರೆಯಾಗಿತ್ತು. ತಿಮ್ಮಯ್ಯನವರು ವರ್ಗವಾಗದೆ ಸಿಂಗಪುರದಲ್ಲಿಯೇ ಉಳಿದಿದ್ದರೆ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರವಿಲ್ಲ.

ಭಾರತಕ್ಕೆ ಮರಳಿದ ತಿಮ್ಮಯ್ಯನವರು ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ ಉನ್ನತ ತರಬೇತಿ ಪಡೆದರು. ಬಳಿಕ 25ನೆಯ ಭಾರತೀಯ ಡಿವಿಷನ್ನಿನ ಕಾರ್ಯಾಚರಣೆ ವಿಭಾಗದ ಅಧಿಕಾರಿಯಾದರು. ಈ ಡಿವಿಷನ್ ರಚನೆಗೊಂಡದ್ದು 1942ರ ಆಗಸ್ಟ್ 1ರಂದು, ಬೆಂಗಳೂರಿನಲ್ಲಿ. ಒಂದು ವಾರ ಕಳೆಯುವುದರೊಳಗೆ, ಆಗಸ್ಟ್ 8ರಂದು, ಮುಂಬಯಿಯಲ್ಲಿ ಕಾಂಗ್ರೆಸ್ಸು ಕ್ವಿಟ್ ಇಂಡಿಯಾ ನಿರ್ಣಯವನ್ನು ಅಂಗೀಕರಿಸಿತು; ಮಾರನೆಯ ದಿನವೇ ಗಾಂಧೀಜಿ ಹಾಗೂ ಇತರ ನಾಯಕರು ಬಂಧಿತರಾದರು. ನಾಡಿನ ನಾಯಕರು ಸೆರೆಮನೆಯಲ್ಲಿದ್ದ ಆ ದಿನಗಳಲ್ಲಿ ದಕ್ಷಿಣ ಭಾರತದ ಕಾಡುಗಳಲ್ಲಿ ಈ ಡಿವಿಷನ್ ಅರಣ್ಯ ಯುದ್ಧದ ಅಭ್ಯಾಸ ನಡೆಸಿತು. 1944ರ ಆರಂಭದಲ್ಲಿ ಅದನ್ನು ಬರ್ಮಾದ ಪಶ್ಚಿಮ ಕರಾವಳಿಯಾದ ಅರಾಕಾನ್ ಪ್ರಾಂತಕ್ಕೆ ಕಳುಹಿಸಲಾಯಿತು. ಆಜಾದ್ ಹಿಂದ್ ಫೌಜಿನ ತುಕಡಿಯೊಂದು ಜಪಾನೀಯರ ಜೊತೆಗೂಡಿ ಭಾರತೀಯ ಸೇನೆಯನ್ನು ಎದುರಿಸಿದ್ದೂ ಅದೇ ಅರಾಕಾನಿನಲ್ಲಿ, ಅದೇ ವರ್ಷದ ಫೆಬ್ರವರಿಯಲ್ಲಿ.

ಅರಾಕಾನಿನಲ್ಲಿ ತಿಮ್ಮಯ್ಯನವರಿಗೆ ಹೈದರಾಬಾದ್ ರೆಜಿಮೆಂಟಿನ ಎಂಟನೆಯ ಬೆಟಾಲಿಯನ್ನಿನ ನಾಯಕತ್ವ ದೊರೆಯಿತು. ಈ ಬೆಟಾಲಿಯನ್ 51ನೆಯ ಬ್ರಿಗೇಡಿಗೆ ಸೇರಿದ್ದಿತು. ಆ ಬ್ರಿಗೇಡಿನ ಮೂರೂ ಬೆಟಾಲಿಯನ್ನುಗಳಿಗೆ ಭಾರತೀಯರೇ ನಾಯಕರಾದರು: ಹೈದರಾಬಾದ್ ಬೆಟಾಲಿಯನ್ನಿಗೆ ತಿಮ್ಮಯ್ಯ, ಪಂಜಾಬ್ ಬೆಟಾಲಿಯನ್ನಿಗೆ ಎಸ್. ಪಿ. ಪಿ. ಥೋರಟ್, ಬಲೂಚ್ ಬೆಟಾಲಿಯನ್ನಿಗೆ ಎಲ್. ಪಿ. ಸೇನ್. ಬ್ರಿಗೇಡಿನ ಮುಖ್ಯಸ್ಥರು ಮಾತ್ರ ಬ್ರಿಟಿಷ್ ಅಧಿಕಾರಿ. ಭಾರತೀಯರು ಚಿಕ್ಕ ತುಕಡಿಗಳನ್ನು ನಡೆಸಬಲ್ಲರೇ ಹೊರತು ಸಮರದಲ್ಲಿ ದೊಡ್ಡ ಪಡೆಗಳನ್ನು ಮುನ್ನಡೆಸಲಾರರು ಎಂಬ ಹಳೆಯ ಅಭಿಪ್ರಾಯ ಆಗಲೂ ಹಲವು ಹಿರಿಯ ಅಧಿಕಾರಿಗಳಲ್ಲಿತ್ತು. ಈ ಮೂವರು ಸೋತರೆ ಆ ಸೋಲು ಮೂವರದಷ್ಟೇ ಆಗಿ ಉಳಿಯುತ್ತಿರಲಿಲ್ಲ.

ಪರೀಕ್ಷೆಯ ಕಾಲ 1945ರ ಜನವರಿಯಲ್ಲಿ ಬಂದಿತು. ಜನವರಿ 3ರಂದು ಅಕ್ಯಾಬ್ ದ್ವೀಪವನ್ನು, ಅಂದರೆ ಇಂದಿನ ಸಿಟ್ವೆಯನ್ನು, ಪ್ರತಿರೋಧವಿಲ್ಲದೆಯೇ ವಶಪಡಿಸಿಕೊಳ್ಳಲಾಯಿತು. ಹಿಮ್ಮೆಟ್ಟುತ್ತಿದ್ದ ಜಪಾನೀ ಪಡೆಗಳಿಗೆ ದಕ್ಷಿಣದ ಕಡೆಗೆ ಸಾಗಲು ಇದ್ದ ಮುಖ್ಯ ರಸ್ತೆ ಕಾಂಗಾವ್ ಎಂಬ ಹಳ್ಳಿಯ ಮೂಲಕ ಹಾದುಹೋಗುತ್ತಿತ್ತು. ಆ ರಸ್ತೆಯನ್ನು ಕಡಿದರೆ ಶತ್ರುವಿನ ಹಾದಿಯೇ ಮುಚ್ಚಿಹೋಗುವುದು. ಆದರೆ ಅಲ್ಲಿಗೆ ತಲುಪುವುದು ಸುಲಭವಾಗಿರಲಿಲ್ಲ. ಕಾಂಡ್ಲಾ ಗಿಡಗಳು ದಟ್ಟವಾಗಿ ಬೆಳೆದ ಕೆಸರು, ಭರತ ಇಳಿತಗಳಿಗೆ ತಕ್ಕಂತೆ ಏರಿ ಇಳಿಯುವ ಉಪ್ಪುನೀರಿನ ತೊರೆಗಳು, ಅವುಗಳಾಚೆ ಗದ್ದೆಗಳು, ಗದ್ದೆಗಳ ನಡುವೆ ತಲೆಯೆತ್ತಿದ ಚಿಕ್ಕ ಚಿಕ್ಕ ಗುಡ್ಡಗಳು. ಗುಡ್ಡಗಳ ಮೇಲೆ ಜಪಾನೀಯರು ಬೀಡುಬಿಟ್ಟಿದ್ದರು. ಸೈನಿಕರು ಮಾತ್ರವಲ್ಲ, ಮದ್ದುಗುಂಡು, ಆಹಾರ, ಕುಡಿಯುವ ನೀರು ಎಲ್ಲವೂ ದೋಣಿಗಳಲ್ಲಿಯೇ ಬರಬೇಕಾಗಿತ್ತು.

ಜನವರಿ 22ರಂದು ಬ್ರಿಟಿಷ್ ಕಮಾಂಡೋ ಬ್ರಿಗೇಡ್ ತೊರೆಯ ಮಾರ್ಗವಾಗಿ ಬಂದಿಳಿದು 170 ಎಂಬ ಸಂಖ್ಯೆಯ ಗುಡ್ಡವನ್ನು ಹಿಡಿಯಿತು. ಅದರ ಬೆನ್ನಿಗೆ 51ನೆಯ ಬ್ರಿಗೇಡ್ ದಡ ಸೇರಿತು. ರಾಯಲ್ ಇಂಡಿಯನ್ ನೇವಿಯ ನರ್ಬದಾ ನೌಕೆಯ ಫಿರಂಗಿಗಳು ತೊರೆಗಳಿಂದಲೇ ಬೆಂಬಲ ನೀಡಿದವು. ಹಳ್ಳಿಯನ್ನೂ ರಸ್ತೆಯನ್ನು ಕಾಯುತ್ತಿದ್ದ ಗುಡ್ಡಗಳನ್ನೂ ಬ್ರಿಗೇಡಿನ ಭಾರತೀಯ ಬೆಟಾಲಿಯನ್ನುಗಳು ಒಂದೊಂದಾಗಿ ಗೆಲ್ಲಬೇಕಾಯಿತು. ಬಯಲು ಗದ್ದೆಯನ್ನು ದಾಟಿ, ಗುಡ್ಡವನ್ನೇರಿ, ಕಂದಕಗಳಲ್ಲಿ ಕೈಕೈ ಮಿಲಾಯಿಸುವ ಕಾಳಗಗಳು ನಡೆದವು. ಜನವರಿ 31ರಂದು ಜಪಾನೀಯರು 170ನೆಯ ಗುಡ್ಡದ ಮೇಲೆ ಸರ್ವಶಕ್ತಿಯಿಂದ ಪ್ರತಿದಾಳಿ ನಡೆಸಿ ವಿಫಲರಾದರು. ಫೆಬ್ರವರಿಯ ಮಧ್ಯಭಾಗದ ವೇಳೆಗೆ ಕಾಂಗಾವ್ ರಸ್ತೆ ಜಪಾನೀಯರ ಪಾಲಿಗೆ ಮುಚ್ಚಿತು. ಅವರು ಫಿರಂಗಿ, ವಾಹನಗಳನ್ನು ಬಿಟ್ಟು ಬೆಟ್ಟದ ಕಾಲುದಾರಿಗಳಲ್ಲಿ ಚದುರಿಹೋದರು. ಗೆದ್ದವರ ಕಡೆಯಲ್ಲಿಯೂ ಸಾವುನೋವು ಅಪಾರವಾಗಿತ್ತು. ತಿಮ್ಮಯ್ಯ, ಥೋರಟ್, ಸೇನ್ ಮೂವರಿಗೂ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್ ಎಂಬ ಉನ್ನತ ಗೌರವ ಲಭಿಸಿತು.

ಅದೇ ವರ್ಷ ತಿಮ್ಮಯ್ಯನವರು ಬ್ರಿಗೇಡಿಯರ್ ಆಗಿ ಬಡ್ತಿ ಪಡೆದು 36ನೆಯ ಭಾರತೀಯ ಬ್ರಿಗೇಡಿನ ನಾಯಕರಾದರು. ಎರಡನೆಯ ಮಹಾಯುದ್ಧದ ಸಮರಭೂಮಿಯಲ್ಲಿ ಕಾಲಾಳು ಬ್ರಿಗೇಡನ್ನು ಮುನ್ನಡೆಸಿದ ಏಕೈಕ ಭಾರತೀಯ ಎಂಬ ಹಿರಿಮೆ ಅವರದು. ಇಪ್ಪತ್ತೈದು ಲಕ್ಷ ಜನರ ಸೇನೆಯಲ್ಲಿ ಒಬ್ಬರೇ ಒಬ್ಬರಿಗೆ ಈ ಅವಕಾಶ ದೊರೆಯಿತೆಂಬುದು ಅವರ ಹಿರಿಮೆಯನ್ನು ಹೇಳುವಂತೆಯೇ ಅಂದಿನ ವ್ಯವಸ್ಥೆಯ ಸ್ವರೂಪವನ್ನೂ ಹೇಳುತ್ತದೆ.

1945ರ ಸೆಪ್ಟೆಂಬರ್ 12ರಂದು ಸಿಂಗಪುರದ ಪುರಭವನದಲ್ಲಿ ಆಗ್ನೇಯ ಏಷ್ಯಾದ ಜಪಾನೀ ಪಡೆಗಳು ಲಾರ್ಡ್ ಮೌಂಟ್‌ಬ್ಯಾಟನ್ನರ ಸಮ್ಮುಖದಲ್ಲಿ ವಿಧ್ಯುಕ್ತವಾಗಿ ಶರಣಾದವು. ಅಸ್ವಸ್ಥರಾಗಿದ್ದ ಫೀಲ್ಡ್ ಮಾರ್ಷಲ್ ತೆರೌಚಿ ಅವರ ಪರವಾಗಿ ಜನರಲ್ ಇತಗಾಕಿ ಶರಣಾಗತಿ ಪತ್ರಕ್ಕೆ ಸಹಿ ಮಾಡಿದರು. ಭಾರತದ ಪ್ರತಿನಿಧಿಯಾಗಿ ಆ ಸಭೆಯಲ್ಲಿ ಉಪಸ್ಥಿತರಿದ್ದವರು ಬ್ರಿಗೇಡಿಯರ್ ತಿಮ್ಮಯ್ಯ. ಐದು ವರ್ಷಗಳ ಹಿಂದೆ ತಮ್ಮ ಸೈನಿಕರನ್ನು ಸಂತೈಸಲು ಹೆಣಗಿದ ನಗರಕ್ಕೆ, ಅವರ ಹಳೆಯ ಬೆಟಾಲಿಯನ್ನಿನ ಅಳಿದುಳಿದವರು ಸೆರೆಸಿಕ್ಕಿದ ನಗರಕ್ಕೆ, ಅವರು ವಿಜೇತ ಸೇನೆಯ ಪ್ರತಿನಿಧಿಯಾಗಿ ಮರಳಿದ್ದರು.

ಅದಾದ ಎರಡು ತಿಂಗಳಿಗೆ, ನವೆಂಬರಿನಲ್ಲಿ, ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಶಾ ನವಾಜ್ ಖಾನ್, ಸೆಹಗಲ್ ಮತ್ತು ಧಿಲ್ಲೋನ್ ಅವರ ವಿಚಾರಣೆ ಆರಂಭವಾಯಿತು. ದೇಶದಾದ್ಯಂತ ಜನರು ಅವರ ಪರವಾಗಿ ಬೀದಿಗಿಳಿದರು. ಬರ್ಮಾದಲ್ಲಿ ಗೆದ್ದು ಬಂದ ಸೈನಿಕರಿಗೆ ಅಂತಹ ಸ್ವಾಗತ ದೊರೆಯಲಿಲ್ಲ. ಆ ಮೂವರಿಗೆ ವಿಧಿಸಿದ ಗಡೀಪಾರು ಶಿಕ್ಷೆಯನ್ನು ಸೇನಾ ಮುಖ್ಯಸ್ಥ ಆಕಿನ್‌ಲೆಕ್ 1946ರ ಜನವರಿಯಲ್ಲಿ ಮನ್ನಾ ಮಾಡಿದರು; ಭಾರತೀಯ ಅಧಿಕಾರಿಗಳ ಮನೋಭಾವವನ್ನು ಕಡೆಗಣಿಸುವುದು ಇನ್ನು ಸಾಧ್ಯವಿಲ್ಲವೆಂಬುದು ಅವರಿಗೆ ಮನವರಿಕೆಯಾಗಿತ್ತು.

1946ರಲ್ಲಿ ಸೋತ ಜಪಾನಿಗೆ ತೆರಳಿದ ಕಾಮನ್‌ವೆಲ್ತ್ ಪಡೆಯಲ್ಲಿ 268ನೆಯ ಭಾರತೀಯ ಬ್ರಿಗೇಡಿನ ನಾಯಕತ್ವ ತಿಮ್ಮಯ್ಯನವರ ಪಾಲಿಗೆ ಬಂದಿತು. ಗೂರ್ಖಾ, ಮರಾಠಾ ಮತ್ತು ಪಂಜಾಬ್ ಬೆಟಾಲಿಯನ್ನುಗಳಿದ್ದ ಈ ಬ್ರಿಗೇಡ್ ಮತ್ಸುಯೆ ಪಟ್ಟಣವನ್ನು ಕೇಂದ್ರವಾಗಿಸಿಕೊಂಡಿತ್ತು. 1947ರಲ್ಲಿ, ಸೇನೆಯ ವಿಭಜನೆಯ ಹೊತ್ತಿನಲ್ಲಿ, ಅವರನ್ನು ಸ್ವದೇಶಕ್ಕೆ ಕರೆಸಿಕೊಳ್ಳಲಾಯಿತು. ಪಂಜಾಬಿನಲ್ಲಿ ನಿರಾಶ್ರಿತರ ರಕ್ಷಣೆಯ ದಾರುಣ ಹೊಣೆಯನ್ನು ಅವರು ನಿರ್ವಹಿಸಿದರು. ಬಳಿಕ ಕಾಶ್ಮೀರ ಕಾರ್ಯಾಚರಣೆಯಲ್ಲಿ, 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಮಿಗಿಲಾದ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ಮಾರ್ಗವನ್ನು ತೆರೆದ ಸಾಹಸ ಸುಪ್ರಸಿದ್ಧ. ಅದೇ ಕಾಶ್ಮೀರದ ಯುದ್ಧದಲ್ಲಿ ಅವರ ತಮ್ಮ ಸೋಮಯ್ಯ ಅವರು ನೆಲಬಾಂಬಿಗೆ ಬಲಿಯಾದರು.

ಮಹಾಯುದ್ಧದ ಬೆನ್ನಲ್ಲೇ ಇಬ್ಭಾಗವಾಗಿದ್ದ ಕೊರಿಯಾದಲ್ಲಿ 1953ರಲ್ಲಿ ಕದನ ವಿರಾಮವಾದಾಗ, ಸ್ವದೇಶಕ್ಕೆ ಮರಳಲೊಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯವನ್ನು ಇತ್ಯರ್ಥಪಡಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಆ ಕೈದಿಗಳನ್ನು ಕಾದ ಭಾರತೀಯ ಪಡೆಯ ಮುಖ್ಯಸ್ಥರು ಕಾಂಗಾವಿನ ಸಂಗಾತಿ ಥೋರಟ್ ಅವರೇ. 1954ರಲ್ಲಿ ತಿಮ್ಮಯ್ಯನವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. 1957ರ ಮೇ ತಿಂಗಳಿನಿಂದ 1961ರ ಮೇ ತಿಂಗಳವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ಉಂಟಾಗಿ 1959ರ ಆಗಸ್ಟಿನಲ್ಲಿ ರಾಜೀನಾಮೆ ಸಲ್ಲಿಸಿ, ಪ್ರಧಾನಿ ನೆಹರೂ ಅವರ ಮಾತಿಗೆ ಮಣಿದು ಹಿಂಪಡೆದರು.

ನಿವೃತ್ತಿಯ ನಂತರ, 1964ರ ಜುಲೈನಲ್ಲಿ, ಸೈಪ್ರಸ್ಸಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕತ್ವವನ್ನು ವಹಿಸಿಕೊಂಡರು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಅಲ್ಲಿ ನಿಧನರಾದರು. ಸೈಪ್ರಸ್ ಸರ್ಕಾರವು 1966ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಲಾರ್ನಕ ಪಟ್ಟಣದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ವಿಲ್ಸನ್ ಗಾರ್ಡನ್ನಿನ ರುದ್ರಭೂಮಿಯಲ್ಲಿ ಸಮಾಧಿ ಮಾಡಲಾಯಿತು. ಮಡಿಕೇರಿಯಲ್ಲಿರುವ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯವಾಗಿದೆ. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅದನ್ನು ಉದ್ಘಾಟಿಸಿದರು.